ಆಪರೇಷನ್ ಆಗದು ಎಂದರೆ ಕಾರಣ ಬರೆದುಕೊಡಲಿ



‘ವಯಸ್ಸಾಗಿದೆ, ಆಪರೇಷನ್ ತಡ್ಕೊಳಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂಬ ಒಂದೇ ಮಾತಿಗೆ ಹೆತ್ತವರನ್ನು ವಾಪಸು ಕರೆತರುವ ಮಕ್ಕಳು ಬಹಳ. ನಮ್ಮ ತಂದೆಯವರ ಹೃದಯದ ಮಹಾಪಧಮನಿ ಕವಾಟ ಕಿರಿದಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಶ್ವಾಸಕೋಶ ದುರ್ಬಲ, ಎದೆ ತೆರೆಯುವಂತಿಲ್ಲ ಎಂದರು ವೈದ್ಯರು. ಆ ಮಾತು ಸರಿಯೇ ಇತ್ತು. ಆದರೆ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ‘ಟಾವಿ’ ವಿಧಾನವಿದೆ ಎಂದು ತಿಳಿದದ್ದು ಬೇರೆ ಊರಿನ ಹೃದ್ರೋಗ ತಜ್ಞರಿಂದ. 2002ರಲ್ಲಿ ಫ್ರಾನ್ಸಿನ ವೈದ್ಯ ಅಲಾಂ ಕ್ರಿಬಿಯೆ ಇದನ್ನು ಮೊದಲು ಮಾಡಿದ್ದೇ ಶಸ್ತ್ರಚಿಕಿತ್ಸಕರು ಆಗದೆಂದು ಬಿಟ್ಟಿದ್ದ ರೋಗಿಗೆ.

ಇದು ಎಲ್ಲರಿಗೂ ಒಗ್ಗದು, ಖರ್ಚೂ ಲಕ್ಷಗಟ್ಟಲೆ. ಎರಡನೇ ಅಭಿಪ್ರಾಯ ಕೇಳಿದ ವೈದ್ಯರೂ ‘ಮಾತ್ರೆಯಲ್ಲೇ ನೋಡಿಕೊಳ್ಳೋಣ’ ಎನ್ನಬಹುದು. ಹಾಗೆಂದರೂ ಮನೆಯವರ ಮನಸ್ಸಿಗೆ ಸಮಾಧಾನ.

ಎರಡನೇ ಅಭಿಪ್ರಾಯಕ್ಕೆ ಬರೀ ಡಿಸ್ಚಾರ್ಜ್ ಹಾಳೆ ಹಿಡಿದು ಹೋದರೆ ಪ್ರಯೋಜನವಿಲ್ಲ. ಆಂಜಿಯೋಗ್ರಾಂ ಸಿ.ಡಿ., ಎಕೋ ವರದಿ, ಕಿಡ್ನಿಯ ರಕ್ತಪರೀಕ್ಷೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಎಲ್ಲವೂ ಬೇಕು. ಮೊದಲ ಆಸ್ಪತ್ರೆಯಲ್ಲಿ ಸಿ.ಡಿ. ಕೇಳಿದಾಗ ಕೌಂಟರಿನಲ್ಲಿ ‘ನಮ್ಮ ಡಾಕ್ಟ್ರ ಮೇಲೆ ನಂಬಿಕೆ ಇಲ್ವಾ?’ ಎಂದರು. ನನ್ನ ತಾಯಿ ಅಲ್ಲಿಯೇ ಹೆದರಿ, ‘ಬೇಡ ಬಿಡೋ ಮಗ’ ಎಂದು ನನ್ನ ತೋಳು ಎಳೆದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ಹೇಳುತ್ತದೆ. ಇದನ್ನು ಪ್ರತಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮೇಲೆ ಕನ್ನಡದಲ್ಲಿ ತೂಗುಹಾಕಿಸಬೇಕು. ಶಸ್ತ್ರಚಿಕಿತ್ಸೆ ನಿರಾಕರಿಸಿದಾಗ ಅಡ್ಡಿ ಯಾವುದು, ವಯಸ್ಸೋ, ಶ್ವಾಸಕೋಶವೋ, ಕಿಡ್ನಿಯೋ ಎಂದು ಬರೆದುಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.

– ಓದುಗರೊಬ್ಬರು, ಶಿವಮೊಗ್ಗ