ಕ್ಲೈಂಟಿಗೊಂದು ನ್ಯಾಯ, ಮನೆಗೊಂದು ನ್ಯಾಯ

ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ಕೆಲಸ ಮಾಡೋ ನಿಮಗೊಂದು ಪ್ರಶ್ನೆ. ಶುಕ್ರವಾರ ಸಂಜೆ ಆರು ಗಂಟೆಗೆ, ಟಿಕೆಟ್ ಇಲ್ಲದೆ, ಮ್ಯಾನೇಜರಿಗೆ ಹೇಳದೆ, ಕ್ಲೈಂಟಿನ ಪ್ರೊಡಕ್ಷನ್ ಸರ್ವರಿಗೆ ಹೊಸ ಡ್ರೈವರ್ ಹಾಕಿ ಮನೆಗೆ ಹೋಗ್ತೀರಾ? ಹೋದ್ರೆ ಸೋಮವಾರ ಬೆಳಗ್ಗೆ ನಿಮ್ಮ ಐಡಿ ಕಾರ್ಡಿಗೆ ಗೇಟು ತೆರೆಯುತ್ತಾ?

ತೆರೆಯಲ್ಲ. ತೆರೆಯಲೂ ಬಾರದು. ಅದಕ್ಕೇ ಆಫೀಸಿನಲ್ಲಿ ಚೇಂಜ್ ರಿಕ್ವೆಸ್ಟ್ ಅಂತ ಒಂದಿದೆ. ಏನು ಬದಲಾಗುತ್ತೆ, ಯಾಕೆ, ಯಾವಾಗ, ಕೆಟ್ಟರೆ ವಾಪಸ್ ಹೋಗೋದು ಹೇಗೆ, ಎಲ್ಲ ಬರೆದು ಕೊಡಬೇಕು. ಕ್ವಾರ್ಟರ್ ಮುಗಿಯೋ ವಾರದಲ್ಲಿ ಯಾರೂ ಏನೂ ಮುಟ್ಟೋ ಹಾಗಿಲ್ಲ. ಸಾವಿರಾರು ಮೈಲಿ ಆಚೆ ಇರೋ ಕ್ಲೈಂಟಿನ ಯಂತ್ರಕ್ಕೆ ನಾವು ಕೊಡೋ ಮರ್ಯಾದೆ ಇದು.

ಈಗ ನಿಮ್ಮ ಮನೆಗೆ ಬನ್ನಿ. ಟಿವಿ ಕೆಳಗೆ ಒಂದು ಹಳೇ ಲ್ಯಾಪ್‌ಟಾಪೋ ಮಿನಿ ಪಿಸಿಯೋ ಇದೆ. ಅದಕ್ಕೊಂದು ಜಿಗ್‌ಬೀ ಡಾಂಗಲ್ ಚುಚ್ಚಿದೆ. ಹಾಲಿನ ಲೈಟು, ಗೀಸರು, ಕರ್ಟನ್ನು, ಬಾಗಿಲ ಸೆನ್ಸರು ಎಲ್ಲಾ ಅದರ ಮಾತು ಕೇಳುತ್ತವೆ. ಒಂದು ಬೆಳಗ್ಗೆ ಯಾವುದೂ ಕೇಳಲ್ಲ. ರಾತ್ರಿ ಎರಡು ಗಂಟೆಗೆ ಕಂಪ್ಯೂಟರು ತಾನೇ ಅಪ್‌ಡೇಟ್ ಮಾಡ್ಕೊಂಡು, ತಾನೇ ರೀಸ್ಟಾರ್ಟ್ ಆಗಿ, ಡಾಂಗಲಿನ ಗುರುತು ಮರೆತು ಕೂತಿದೆ. ನೀವು ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿ. ಊರಿಂದ ಬಂದಿರೋ ಅಮ್ಮ ಗೀಸರ್ ಹಾಕೋದು ಹೇಗಪ್ಪಾ ಅಂತ ಬಚ್ಚಲ ಮನೆ ಮುಂದೆ ನಿಂತಿದ್ದಾರೆ.

ಈ ಬದಲಾವಣೆಗೆ ಟಿಕೆಟ್ ಎಲ್ಲಿ? ಅಪ್ರೂವಲ್ ಯಾರದು? ರೋಲ್‌ಬ್ಯಾಕ್ ಪ್ಲಾನ್ ಯಾರ ಹತ್ರ ಇದೆ?

ನನ್ನ ತಕರಾರು ಇಷ್ಟೇ. ನಾವು ಕ್ಲೈಂಟಿಗೆ ಕೊಡೋ ಹಕ್ಕನ್ನು ನಮ್ಮ ಮನೆಗೆ ಯಾರೂ ಕೊಡ್ತಿಲ್ಲ, ನಾವೂ ಕೇಳ್ತಿಲ್ಲ. ಯಂತ್ರ ಯಾರದೋ ಅವರ ಒಪ್ಪಿಗೆ ಇಲ್ಲದೆ ಅದರ ಡ್ರೈವರ್ ಬದಲಾಗಬಾರದು.

ಡ್ರೈವರ್ ಅಂದ್ರೆ ಒಂಥರಾ ದುಭಾಷಿ. ಡಾಂಗಲ್ಲಿನ ಭಾಷೆ ವಿಂಡೋಸಿಗೆ ಬರಲ್ಲ, ವಿಂಡೋಸಿನ ಭಾಷೆ ಡಾಂಗಲ್ಲಿಗೆ ಬರಲ್ಲ. ನಡುವೆ ಕೂತು ಮಾತು ದಾಟಿಸೋದು ಡ್ರೈವರ್. ಈ ಡಾಂಗಲ್ಲುಗಳ ಹೊಟ್ಟೆಯಲ್ಲಿ ಬಹುತೇಕ ಎರಡು ಚಿಪ್ಪಿರುತ್ತೆ. ಒಂದು ರೇಡಿಯೋ ಚಿಪ್ಪು, ಇನ್ನೊಂದು ಅದನ್ನು ಯುಎಸ್‌ಬಿಗೆ ಜೋಡಿಸೋ ಸೀರಿಯಲ್ ಚಿಪ್ಪು. ತುಂಬಾ ಜನ ಬಳಸೋ ಸೋನಾಫ್ ಡಾಂಗಲ್ ಪ್ಲಸ್ಸಿನ 'ಪಿ' ಮಾದರಿಯಲ್ಲಿ ರೇಡಿಯೋ ಚಿಪ್ಪು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ದು. 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ ಅದು. ಸೀರಿಯಲ್ ಚಿಪ್ಪು ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102ಎನ್. ಬೇರೆ ಸಾಧನಗಳಲ್ಲಿ ಎಫ್‌ಟಿಡಿಐ, ಪ್ರೊಲಿಫಿಕ್ ಅಥವಾ ಸಿಎಚ್340 ಇರಬಹುದು. ಡಬ್ಬದ ಮೇಲೆ ಇದ್ಯಾವುದನ್ನೂ ಬರೆದಿರಲ್ಲ. ನೀವು ದುಡ್ಡು ಕೊಡೋದು ಡಬ್ಬದ ಮೇಲಿನ ಹೆಸರಿಗೆ, ನಿಮ್ಮ ಲೈಟು ಹತ್ತೋದು ಒಳಗಿನ ಚಿಪ್ಪಿನ ಡ್ರೈವರಿನ ಮರ್ಜಿಯಲ್ಲಿ.

ಆ ಮರ್ಜಿ ಹೇಗಿರುತ್ತೆ ಅನ್ನೋದಕ್ಕೆ ಚರಿತ್ರೆ ಇದೆ. 2014ರ ಅಕ್ಟೋಬರ್. ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಎಫ್‌ಟಿ232 ಚಿಪ್ಪಿಗೆ ಲೆಕ್ಕವಿಲ್ಲದಷ್ಟು ನಕಲಿಗಳು ಮಾರುಕಟ್ಟೆಯಲ್ಲಿದ್ದವು. ಕಂಪನಿಗೆ ಸಿಟ್ಟು ಬಂದಿದ್ದು ನ್ಯಾಯವೇ. ಆದರೆ ಅವರು ಕೇಸು ಹಾಕಬೇಕಾಗಿದ್ದು ನಕಲಿ ಮಾಡಿದವರ ಮೇಲೆ. ಮಾಡಿದ್ದೇನು? ವಿಂಡೋಸ್ ಅಪ್‌ಡೇಟ್ ಮೂಲಕ ಹೊಸ ಡ್ರೈವರ್ ಕಳಿಸಿದರು. ನಕಲಿ ಚಿಪ್ಪು ಕಂಡ ಕೂಡಲೇ ಅದರೊಳಗಿನ ಗುರುತಿನ ಸಂಖ್ಯೆಯನ್ನು ಆ ಡ್ರೈವರ್ ಸೊನ್ನೆ ಮಾಡ್ತಿತ್ತು. ಅಲ್ಲಿಗೆ ಆ ಸಾಧನ ಸತ್ತ ಹಾಗೆ. ಅದೇ ಕೇಬಲನ್ನು ಇನ್ನೊಂದು ಕಂಪ್ಯೂಟರಿಗೆ, ಲಿನಕ್ಸ್ ಯಂತ್ರಕ್ಕೆ ಚುಚ್ಚಿದರೂ ಗುರುತು ಸಿಗ್ತಿರಲಿಲ್ಲ, ಯಾಕಂದ್ರೆ ಬದಲಾಗಿದ್ದು ಚಿಪ್ಪೇ. ಗಲಾಟೆ ಆದ ಮೇಲೆ ಆ ಡ್ರೈವರ್ ವಾಪಸ್ ಹೋಯಿತು. 2016ರಲ್ಲಿ ಬಂದ ಇನ್ನೊಂದು ಆವೃತ್ತಿ ಚಿಪ್ಪನ್ನು ಕೊಲ್ಲಲಿಲ್ಲ. ಹೋಗಬೇಕಾದ ಮಾಹಿತಿಯ ಜಾಗದಲ್ಲಿ 'ಅಸಲಿ ಸಾಧನ ಅಲ್ಲ' ಅನ್ನೋ ಇಂಗ್ಲಿಷ್ ಸಾಲನ್ನು ತುರುಕಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋದು ಅಂದ್ರೆ ಇದೇ. ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೇಬಲ್ ಕೊಂಡವನಿಗೆ ಒಳಗಿನ ಚಿಪ್ಪು ಅಸಲಿಯೋ ನಕಲಿಯೋ ಅಂತ ಹೇಗೆ ಗೊತ್ತಾಗಬೇಕು? ಅಂಗಡಿಯವನಿಗೇ ಗೊತ್ತಿರಲ್ಲ.

ಅಸಲಿ ತಗೊಂಡ್ರೆ ಬಚಾವಾ? ಅದೂ ಇಲ್ಲ. ತೈವಾನಿನ ಪ್ರೊಲಿಫಿಕ್ ಕಂಪನಿ ತನ್ನ ಪಿಎಲ್2303 ಸರಣಿಯ ಹಳೇ ಚಿಪ್ಪುಗಳನ್ನು 2012ರಲ್ಲಿ ನಿಲ್ಲಿಸಿತು. ಅವರ ಹೊಸ ಡ್ರೈವರ್ ಬಂದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು, 'ಕೋಡ್ 10'. ಇನ್ನೂ ಇತ್ತೀಚಿನ ಆವೃತ್ತಿಗಳಲ್ಲಿ ಸಾಧನದ ಹೆಸರಿನ ಜಾಗದಲ್ಲೇ ಬರೆದಿರುತ್ತೆ: ಈ ಚಿಪ್ಪನ್ನು 2012ರಿಂದ ಕೈಬಿಡಲಾಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ. ಹಾರ್ಡ್‌ವೇರ್ ಗಟ್ಟಿಮುಟ್ಟಾಗಿದೆ. ಹಳೇ ಡ್ರೈವರ್ ಹಾಕಿದರೆ ಈಗಲೂ ಓಡುತ್ತೆ. ಹೊಸ ಡ್ರೈವರಿಗೆ ಅದನ್ನು ಮಾತಾಡಿಸೋ ಮನಸ್ಸಿಲ್ಲ, ಅಷ್ಟೇ.

ಮನೆಯ ಗೀಸರ್ ಹತ್ತದಿದ್ದರೆ ಒಲೆ ಮೇಲೆ ನೀರು ಕಾಯಿಸಬಹುದು. ಪೀಣ್ಯದಲ್ಲಿ ಹಾಗಲ್ಲ. ಅಲ್ಲಿ ಎರಡೋ ಮೂರೋ ಸಿಎನ್‌ಸಿ ಯಂತ್ರ ಇಟ್ಟುಕೊಂಡು ಜಾಬ್‌ವರ್ಕ್ ಮಾಡೋ ಶೆಡ್ಡುಗಳಿಗೆ ಹೋಗಿ ನೋಡಿ. ಹಳೇ ಯಂತ್ರಗಳಿಗೆ ಪ್ರೋಗ್ರಾಂ ಕಳಿಸೋದು ಆರ್‌ಎಸ್-232 ಸೀರಿಯಲ್ ಪೋರ್ಟಿನ ಮೂಲಕ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ನಡುವೆ ಒಂದು ಯುಎಸ್‌ಬಿ ಸೀರಿಯಲ್ ಕೇಬಲ್, ಅದರೊಳಗೆ ನಾನು ಮೇಲೆ ಹೇಳಿದ ಅದೇ ಚಿಪ್ಪುಗಳು. ನಿಮ್ಮ ಮನೆಯ ಡಾಂಗಲ್ಲಿಗೂ ಪೀಣ್ಯದ ಲೇತಿಗೂ ಒಂದೇ ದುಭಾಷಿ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೆಲವು ನೂರು ರೂಪಾಯಿ ಕೇಬಲಿನ ಡ್ರೈವರಿಗಾಗಿ ಸುಮ್ಮನೆ ನಿಲ್ಲುತ್ತೆ. ಆಪರೇಟರ್ ಟೀ ಕುಡಿದು ಕೂರುತ್ತಾನೆ, ಶಿಫ್ಟ್ ಹೋಗುತ್ತೆ, ಡೆಲಿವರಿ ತಪ್ಪುತ್ತೆ, ಆರ್ಡರ್ ಕೊಟ್ಟವನು ಬಿಲ್ಲಿನಲ್ಲಿ ಕಡಿತ ಮಾಡ್ತಾನೆ.

ಆಗ ಶೆಡ್ಡಿನ ಮಾಲೀಕ ಫೋನಿನಲ್ಲಿ ಹೇಳೋ ಮಾತು ಯಾವಾಗಲೂ ಒಂದೇ. "ಸಾರ್, ನಿನ್ನೆ ರಾತ್ರಿ ತನಕ ಓಡ್ತಿತ್ತು. ನಾನೇನೂ ಮುಟ್ಟಿಲ್ಲ."

ಸಪೋರ್ಟಿನಲ್ಲಿ ಕೆಲಸ ಮಾಡಿದವರಿಗೆಲ್ಲ ಈ ಮಾತು ಒಂದು ಜೋಕು. ಎಲ್ಲರೂ ಹೀಗೇ ಹೇಳ್ತಾರೆ, ಏನೋ ಮುಟ್ಟಿರ್ತಾರೆ ಅಂತ ನಗ್ತೀವಿ. ಆದರೆ ಇಲ್ಲಿ ಅವರು ಹೇಳ್ತಿರೋದು ಅಕ್ಷರಶಃ ನಿಜ. ಅವರು ಮುಟ್ಟಿಲ್ಲ. ಮುಟ್ಟಿದವರು ಬೇರೆ. ನಾವು ಮಾತ್ರ "ಏನು ಮಾಡಿದ್ರಿ?" ಅಂತ ಮುಟ್ಟದವರನ್ನೇ ಕೇಳ್ತೀವಿ.

ಆಮೇಲೆ ಶುರುವಾಗೋದು ಚೆಂಡಾಟ. ಆಟೊಮೇಷನ್ ಹಾಕಿಕೊಟ್ಟವನು ಡಾಂಗಲ್ ಕಂಪನಿಯನ್ನು ತೋರಿಸ್ತಾನೆ. ಡಾಂಗಲ್ ಕಂಪನಿ ಚಿಪ್ಪಿನವರನ್ನು, ಚಿಪ್ಪಿನವರು ಆಪರೇಟಿಂಗ್ ಸಿಸ್ಟಮ್ಮನ್ನು, ಆಪರೇಟಿಂಗ್ ಸಿಸ್ಟಮ್ಮಿನವರು "ನಿಮ್ಮ ಹಾರ್ಡ್‌ವೇರ್ ತಯಾರಕರನ್ನು ಸಂಪರ್ಕಿಸಿ" ಅಂತ. ನಾಲ್ಕು ಜನ ಸೇರಿ ಮಾಡಿದ ಮದುವೆಗೆ ಊಟದ ಬಿಲ್ಲು ಮಾತ್ರ ನಿಮ್ಮ ಹೆಸರಿಗೆ.

ಇಷ್ಟು ಹೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ಕೈ ಎತ್ತುತ್ತೀರಿ. "ಅಪ್‌ಡೇಟ್ ನಿಲ್ಲಿಸಿದರೆ ವೈರಸ್ ಬರಲ್ವಾ? ವಾನಾಕ್ರೈ ಮರೆತ್ರಾ?" ಮರೆತಿಲ್ಲ. 2017ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತ್ತು, ಮೇ ತಿಂಗಳಲ್ಲಿ ವಾನಾಕ್ರೈ ಬಂತು, ಪ್ಯಾಚ್ ಹಾಕದವರು ಅನುಭವಿಸಿದರು. ಸೆಕ್ಯುರಿಟಿ ಪ್ಯಾಚ್ ಬೇಕೇ ಬೇಕು, ಬೇಗ ಬೇಕು. ಆದರೆ ಬೀಗದ ರಿಪೇರಿಗೆ ಅಂತ ಮನೆಯೊಳಗೆ ಬಂದವನು ಅಡುಗೆಮನೆ ಸಾಮಾನೆಲ್ಲ ಜಾಗ ಬದಲಿಸಿ ಹೋದರೆ ಸುಮ್ಮನಿರ್ತೀರಾ? ಡಾಂಗಲ್ಲಿನ ಡ್ರೈವರಿನಲ್ಲಿ ನಿಜವಾದ ಭದ್ರತಾ ದೋಷ ಇದ್ದರೆ ಹಾಗಂತ ಹೇಳಿ, ಕೇಳಿ, ಬದಲಾಯಿಸಲಿ. ಸೆಕ್ಯುರಿಟಿಯ ಹೆಸರಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸೋದು ಬೇಡ.

ಇನ್ನು ಬೇಗ ಬಂದದ್ದೆಲ್ಲ ಒಳ್ಳೇದಕ್ಕೇ ಅನ್ನೋರು 2024ರ ಜುಲೈ 19 ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕೆಟ್ಟ ಫೈಲು, ಅದನ್ನು ಓದಿದ ಡ್ರೈವರು, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳಲ್ಲಿ ನೀಲಿ ಪರದೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ದಿನ ಅದು. ಆಮೇಲೆ ಆ ಕಂಪನಿ ಏನು ಮಾಡಿತು? ಅಪ್‌ಡೇಟನ್ನು ಹಂತಹಂತವಾಗಿ ಬಿಡೋದು, ಯಾವಾಗ ತಗೋಬೇಕು ಅನ್ನೋ ಹಿಡಿತವನ್ನು ಗ್ರಾಹಕರಿಗೇ ಕೊಡೋದು ಅಂತ ತೀರ್ಮಾನಿಸಿತು. ಅಂದ್ರೆ ದೊಡ್ಡ ಗ್ರಾಹಕ ಕೂಗಿದರೆ ಹಿಡಿತ ಸಿಗುತ್ತೆ. ವಿಂಡೋಸಿನಲ್ಲೂ ಅದೇ ಕಥೆ. 'ಅಪ್‌ಡೇಟಿನ ಜೊತೆ ಡ್ರೈವರ್ ಸೇರಿಸಬೇಡ' ಅನ್ನೋ ಪಾಲಿಸಿ ಪ್ರೊ ಆವೃತ್ತಿಯಲ್ಲಿದೆ. ಹೋಮ್ ಆವೃತ್ತಿಯಲ್ಲಿ ಆ ಪಾಲಿಸಿ ಎಡಿಟರೇ ಇಲ್ಲ. ಕೆಲವು ವಾರ ಮುಂದೂಡಬಹುದು, ಅಷ್ಟೇ. 'ಹೋಮ್' ಅಂತ ಹೆಸರಿಟ್ಟು ಮನೆಯವರಿಗೇ ಕೀಲಿಕೈ ಕೊಟ್ಟಿಲ್ಲ.

"ಲಿನಕ್ಸ್ ಹಾಕ್ಕೊಳ್ಳಿ ಗುರು, ಎಲ್ಲಾ ಸರಿಹೋಗುತ್ತೆ" ಅನ್ನೋ ಗೆಳೆಯರಿಗೂ ಒಂದು ಮಾತು. ಮನೆಗೆ ಖಂಡಿತ ಹಾಕ್ಕೊಳ್ಳಿ, ಹೋಮ್ ಅಸಿಸ್ಟೆಂಟನ್ನು ರಾಸ್ಪ್‌ಬೆರಿ ಪೈ ಮೇಲೆ ಓಡಿಸಿದರೆ ಈ ತಲೆನೋವು ಬಹಳ ಕಮ್ಮಿ. ಆದರೆ ಪೀಣ್ಯದ ಮಾಲೀಕನ ಯಂತ್ರಕ್ಕೆ ಬಂದ ಸಾಫ್ಟ್‌ವೇರು ವಿಂಡೋಸಿಗೆ ಮಾತ್ರ ಇದ್ದರೆ ಅವನಿಗೆ ಈ ಉಪದೇಶ ಯಾವ ಪ್ರಯೋಜನಕ್ಕೆ?

ಸರಿ, ಇವತ್ತು ರಾತ್ರಿಯೇ ಲೈಟು ಹತ್ತಬೇಕಲ್ಲ, ಅದಕ್ಕೆ ಏನು ಮಾಡೋದು? ಮೊದಲು ಅಪ್‌ಡೇಟ್ ಹಿಸ್ಟರಿ ತೆಗೆದು ಡ್ರೈವರ್ ಅಪ್‌ಡೇಟುಗಳ ತಾರೀಕು ನೋಡಿ. ಸಾಧನ ಕೈಕೊಟ್ಟ ದಿನಕ್ಕೆ ತಾಳೆ ಆದರೆ ಕಳ್ಳ ಸಿಕ್ಕ. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಡ್ರೈವರ್ ಟ್ಯಾಬಿಗೆ ಹೋಗಿ 'ರೋಲ್ ಬ್ಯಾಕ್' ಒತ್ತಿ. ಅದು ಮಂಕಾಗಿದ್ದರೆ 'ಅಪ್‌ಡೇಟ್ ಡ್ರೈವರ್' ಒಳಗೆ ನನ್ನ ಕಂಪ್ಯೂಟರಿನಲ್ಲಿರೋ ಪಟ್ಟಿಯಿಂದ ಆರಿಸ್ತೀನಿ ಅನ್ನೋ ದಾರಿ ಇದೆ, ಅಲ್ಲಿ ಹಳೇ ಆವೃತ್ತಿ ಇದ್ದರೆ ಅದನ್ನು ಹಿಡಿಯಿರಿ. ಡ್ರೈವರ್ ಸರಿಯಿದ್ದೂ ಓಡ್ತಿಲ್ಲ ಅಂದ್ರೆ ಕಾಮ್ ಪೋರ್ಟ್ ಸಂಖ್ಯೆ ನೋಡಿ. ನಿನ್ನೆ ಕಾಮ್ 3 ಇದ್ದದ್ದು ಇವತ್ತು ಕಾಮ್ 5 ಆಗಿರುತ್ತೆ, ನಿಮ್ಮ ಸಾಫ್ಟ್‌ವೇರು ಹಳೇ ಬಾಗಿಲನ್ನೇ ತಟ್ಟುತ್ತಾ ಕೂತಿರುತ್ತೆ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ವಿದ್ಯುತ್ ಉಳಿಸೋಕೆ ಸಾಧನ ಆಫ್ ಮಾಡಬಹುದು ಅನ್ನೋ ಟಿಕ್ ತೆಗೀರಿ. ಕೆಲವೊಮ್ಮೆ ಡ್ರೈವರಿನದ್ದು ತಪ್ಪೇ ಇರಲ್ಲ: ಯುಎಸ್‌ಬಿ 3.0 ಪೋರ್ಟು 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತೆ ಅಂತ ಇಂಟೆಲ್ಲೇ 2012ರಲ್ಲಿ ಬರೆದಿಟ್ಟಿದೆ, ಜಿಗ್‌ಬೀ ಮಾತಾಡೋದೂ ಅಲ್ಲೇ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಡಿ. ಓಡೋ ಡ್ರೈವರ್ ಸಿಕ್ಕ ದಿನವೇ ಅದರ ಇನ್‌ಸ್ಟಾಲರನ್ನು ಪೆನ್‌ಡ್ರೈವಿಗೆ ಹಾಕಿ, ಆವೃತ್ತಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ.

ಇದೆಲ್ಲ ತೇಪೆ. ನಾಳೆ ಇನ್ನೊಂದು ಅಪ್‌ಡೇಟು ಬಂದು ತೇಪೆ ಕಿತ್ತು ಹಾಕುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದ್ದರಿಂದ ಹಳೇ ಯಂತ್ರ ಇಟ್ಟುಕೊಂಡವರ ಮೇಲೆ ಒತ್ತಡ ಇನ್ನೂ ಜಾಸ್ತಿ. ಹಾಗಾಗಿ ಕೇಳಬೇಕಾದ್ದನ್ನು ಕೇಳಲೇಬೇಕು.

ಸೆಕ್ಯುರಿಟಿ ಪ್ಯಾಚ್ ಬೇರೆ, ಡ್ರೈವರ್ ಬೇರೆ ಮಾಡಿ. ಹೋಮ್ ಆವೃತ್ತಿಗೂ ಆ ಪಾಲಿಸಿ ಕೊಡಿ. ಹಿಂದಿನ ಡ್ರೈವರನ್ನು ಅಳಿಸದೆ ಇಡಿ. ಡಬ್ಬದ ಮೇಲೆ ಚಿಪ್ಪಿನ ಹೆಸರು ಮತ್ತು ಎಷ್ಟು ವರ್ಷ ಡ್ರೈವರ್ ಕೊಡ್ತೀರಿ ಅನ್ನೋದನ್ನು ಬರೆಯಿರಿ. 'ಸ್ಮಾರ್ಟ್ ಹೋಮ್' ಅಂತ ಚದರಡಿಗೆ ಜಾಸ್ತಿ ಹಿಡಿದು ಮಾರೋ ಬಿಲ್ಡರುಗಳು ಗೋಡೆ ಮೇಲೆ ಮಾಮೂಲಿ ಸ್ವಿಚ್ ಇಡಲೇಬೇಕು, ಕಂಪ್ಯೂಟರ್ ಸತ್ತರೂ ಲೈಟು ಹತ್ತಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ತೆರೆದಾಗ ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ವಲಯ ಹೆಸರಿಸಿತು. ರಿಪೇರಿ ಅಂದ್ರೆ ಸ್ಕ್ರೂ, ಬಿಡಿಭಾಗ ಮಾತ್ರ ಅಲ್ಲ, ಓಡೋ ಡ್ರೈವರೂ ಒಂದು ಬಿಡಿಭಾಗ ಅಂತ ಅಲ್ಲಿ ಸೇರಬೇಕು. ಮಾರಿದವರು ಕೈ ತೊಳ್ಕೊಂಡ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ದೂರು ಬರೆಸಿ. ನೂರು ಜನ ಬರೆಸಿದರೆ ಅದು ಒಂದು ಲೆಕ್ಕವಾಗುತ್ತೆ.

ಕೊನೇ ಮಾತು ನಮಗೇ. ಈ ಡ್ರೈವರು, ಫರ್ಮ್‌ವೇರು ಬರೆಯೋ, ಟೆಸ್ಟ್ ಮಾಡೋ ಕೈಗಳಲ್ಲಿ ಎಷ್ಟೋ ಕೈಗಳು ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ದಿನಾ ಸ್ಟೀರಿಂಗ್ ಹಿಡಿದು ಕೂತಿರ್ತವೆ. ಮುಂದಿನ ರಿಲೀಸ್ ಮೀಟಿಂಗಿನಲ್ಲಿ ಹಳೇ ಹಾರ್ಡ್‌ವೇರನ್ನು ಟೆಸ್ಟ್ ಪಟ್ಟಿಯಿಂದ ಕೈಬಿಡೋಣ ಅಂತ ಯಾರಾದ್ರೂ ಅಂದಾಗ, "ಇದರ ರೋಲ್‌ಬ್ಯಾಕ್ ಪ್ಲಾನ್ ಏನು?" ಅಂತ ಒಂದು ಸಲ ಕೇಳಿ. ಕ್ಲೈಂಟಿಗೋಸ್ಕರ ದಿನಾ ಕೇಳೋ ಪ್ರಶ್ನೆ ತಾನೇ, ಪೀಣ್ಯಕ್ಕೋಸ್ಕರವೂ ಕೇಳಿ.