ಹೆಪ್ಪುಗಟ್ಟಿದ ಊಟದ ಪರವಾಗಿ

1954ರಲ್ಲಿ ಅಮೆರಿಕದ ಸ್ವಾನ್ಸನ್ ಕಂಪನಿಯ ‘ಟಿವಿ ಡಿನ್ನರ್’ ಮನೆಮಾತಾಯಿತು. ಅಲ್ಯೂಮಿನಿಯಂ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಟರ್ಕಿ ಕೋಳಿ, ಬಟಾಣಿ, ಸಿಹಿಗೆಣಸು. ಓವನ್ನಿನಲ್ಲಿ 25 ನಿಮಿಷವಿಟ್ಟರೆ ಊಟ ಸಿದ್ಧ. ಅದನ್ನುಂಡು ಬೆಳೆದ ಅಲ್ಲಿನವರು ಇಂದಿಗೂ ಅದನ್ನು ಅಕ್ಕರೆಯಿಂದ ನೆನೆಯುತ್ತಾರೆ. ನಮ್ಮವರು ಮೂಗು ಮುರಿಯುತ್ತಾರೆ: ತಾಯಿಯ ಕೈಯಡುಗೆಯಿಲ್ಲದ್ದೂ ಒಂದು ಬಾಲ್ಯವೇ?

ಆ ಕೈಗಳನ್ನು ನಾವೆಂದಾದರೂ ನೋಡಿದ್ದೇವೆಯೇ? ನಮ್ಮ ತಾಯಿಯವರು ನಸುಕಿನಲ್ಲೆದ್ದು ಸೌದೆಯೊಲೆ ಊದಿ, ಒರಳಿನಲ್ಲಿ ರುಬ್ಬಿ, ಎಲ್ಲರೂ ಉಂಡೆದ್ದ ಮೇಲೆ ಉಳಿದುದನ್ನು ಒಬ್ಬರೇ ಕುಳಿತು ಉಣ್ಣುತ್ತಿದ್ದರು. ರುಚಿಯನ್ನು ಹೊಗಳಿದ ನಾನು ಒಂದು ದಿನವೂ ಗುಂಡುಕಲ್ಲು ಮುಟ್ಟಲಿಲ್ಲ.

ಪೊಟ್ಟಣದ ಊಟದಲ್ಲಿ ಉಪ್ಪು ಹೆಚ್ಚೆಂಬುದನ್ನು ಒಪ್ಪುತ್ತೇನೆ. ಆದರೆ ದಣಿದ ತಾಯಿಗೆ ಮಕ್ಕಳೊಡನೆ ಕುಳಿತು ಉಣ್ಣುವ ಬಿಡುವನ್ನು ಅದು ಕೊಟ್ಟೀತು. ದೂರದೇಶದಲ್ಲಿರುವ ನನ್ನ ಶಿಷ್ಯೆಯರೇ, ಸೊಸೆಯಂದಿರೇ, ಫ್ರೀಜರಿನಿಂದ ಪೊಟ್ಟಣ ತೆಗೆಯುವಾಗ ನಾಚಬೇಡಿರಿ. ನಾಚಬೇಕಾದವರು ಕೈತೊಳೆದು ಬಂದು ಎಲೆಯ ಮುಂದೆ ಕುಳಿತವರು. ಅವರಲ್ಲಿ ನಾನೂ ಒಬ್ಬ.