ಮೇಣದ ಗಟ್ಟಿಯೊಳಗಿನ ಸಾಕ್ಷಿ

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವ ವಾಣಿಜ್ಯ ಪದವೀಧರನೊಬ್ಬನು ಜೀವಕೋಶಗಳ ಮರಣವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಮೂಲ ದಾಖಲೆಗೂ ಅದರ ನಕಲಿಗೂ ಇರುವ ಅಂತರವನ್ನು ನಮ್ಮ ವೃತ್ತಿ ಚೆನ್ನಾಗಿ ಕಲಿಸುತ್ತದೆ. ನಾನು ಹೇಳಹೊರಟಿರುವುದೂ ಅಂತಹ ಒಂದು ಮೂಲ ದಾಖಲೆಯ ವಿಷಯವನ್ನೇ.

ನಮ್ಮ ದೇಹದಲ್ಲಿ ದಿನವೂ ಕೋಟ್ಯಂತರ ಕೋಶಗಳು ಸಾಯುತ್ತವೆ. ಪೆಟ್ಟಿನಿಂದಲೋ ರಕ್ತ ದೊರೆಯದೆಯೋ ಉಬ್ಬಿ ಒಡೆದು ಸಾಯುವುದು ಒಂದು ಬಗೆ. ಕಾಲ ಮುಗಿದಾಗ ತಾನಾಗಿ ಕುಗ್ಗಿ ಮರೆಯಾಗುವುದು ಇನ್ನೊಂದು. ಈ ಎರಡನೆಯದಕ್ಕೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವದು. ಉದುರಬೇಕಾದ ಎಲೆ ಉದುರಲೊಲ್ಲದಿರುವುದು ಕ್ಯಾನ್ಸರಿನ ಒಂದು ಮುಖ್ಯ ಲಕ್ಷಣ.

ಹಾಗೆ ಸಾಯುತ್ತಿರುವ ಕೋಶವನ್ನು ಗುರುತಿಸುವುದೆಂತು? ಕೋಶದೊಳಗೆ ಕ್ಯಾಸ್ಪೇಸ್-3 ಎಂಬ ಕಿಣ್ವ ನಿದ್ರಿಸುತ್ತಿರುತ್ತದೆ. ಮರಣದ ಆಜ್ಞೆ ಬಂದೊಡನೆ ಅದು ತುಂಡಾಗಿ ಎಚ್ಚರಗೊಳ್ಳುತ್ತದೆ. ಈ ತುಂಡಾದ ರೂಪಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ತೆಳುವಾಗಿ ಸೀಳಿದ ಅಂಗಾಂಶದ ಮೇಲೆ ಹಾಕಿ, ಬಣ್ಣ ಬರಿಸಿದರೆ, ಸಾಯುವ ಕೋಶ ಸೂಕ್ಷ್ಮದರ್ಶಕದಲ್ಲಿ ಕಂದಾಗಿ ಕಾಣುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕ್ಯಾಸ್ಪೇಸ್ ಪರೀಕ್ಷೆ ಹೆಚ್ಚಾಗಿ ಸಂಶೋಧಕರದು. ಆಸ್ಪತ್ರೆಗಳಲ್ಲಿ ನಿತ್ಯ ಬಳಕೆಯಲ್ಲಿರುವುದು ಅದರ ಸೋದರಸಂಬಂಧಿಯಾದ ಬಿಸಿಎಲ್-2 ಪರೀಕ್ಷೆ. ಕೋಶ ಸಾಯದಂತೆ ತಡೆಯುವ ಪ್ರೋಟೀನಿದು. ಊದಿಕೊಂಡ ಸಾಮಾನ್ಯ ದುಗ್ಧಗ್ರಂಥಿಯ ನಡುಭಾಗದಲ್ಲಿ, ಸಾಯಲು ಸಿದ್ಧವಾದ ಕೋಶಗಳಲ್ಲಿ ಇದು ಕಾಣದು. ಫಾಲಿಕ್ಯುಲರ್ ಲಿಂಫೋಮ ಎಂಬ ಕ್ಯಾನ್ಸರಿನಲ್ಲಿ ಬಹುಮಟ್ಟಿಗೆ ಕಾಣುತ್ತದೆ. ಬರಿಯ ಊತವೋ ಮಹಾವ್ಯಾಧಿಯೋ ಎಂಬುದನ್ನು ತಿಳಿಯಲು ಇದೊಂದು ದೊಡ್ಡ ಆಧಾರ.

ಆದರೆ ಸಾಕ್ಷಿ ಕೆಟ್ಟರೆ ತೀರ್ಪೂ ಕೆಡುತ್ತದೆ. ದೇಹದಿಂದ ತೆಗೆದ ತುಣುಕನ್ನು ತಡಮಾಡದೆ ಫಾರ್ಮಲಿನ್ ದ್ರವದಲ್ಲಿ ಇಡಬೇಕು. ಸ್ತನದ ಗಂಟಾದರೆ ಒಂದು ಗಂಟೆಯೊಳಗೆ ಇಟ್ಟು, 6ರಿಂದ 72 ಗಂಟೆಗಳವರೆಗೆ ನೆನೆಸಬೇಕೆಂಬುದು ನಿಯಮ. ಇಲ್ಲವಾದರೆ ಕೋಶಗಳು ಹೊರಗೆ ಬಂದ ಮೇಲೆ ತಮ್ಮನ್ನು ತಾವೇ ಅರಗಿಸಿಕೊಳ್ಳುತ್ತವೆ. ಆಮೇಲೆ ಬಂದ ಬಣ್ಣವನ್ನೂ ಬಾರದ ಬಣ್ಣವನ್ನೂ ನಂಬುವಂತಿಲ್ಲ. ಚೆಕ್ಕಿನ ರುಜುವನ್ನು ಮಾದರಿ ರುಜುವಿನೊಡನೆ ನಾವು ಹೋಲಿಸುವಂತೆ, ಫಲ ಗೊತ್ತಿರುವ ಇನ್ನೊಂದು ಅಂಗಾಂಶವನ್ನೂ ಪ್ರಯೋಗಶಾಲೆಯವರು ಜೊತೆಗಿಟ್ಟು ನೋಡುತ್ತಾರೆ.

ಫಾರ್ಮಲಿನ್ನಿನಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಗಟ್ಟಿಮಾಡುತ್ತಾರೆ. ‘ಬ್ಲಾಕ್’ ಎಂದು ಕರೆಯುವ ಈ ಗಟ್ಟಿ ವರ್ಷಗಟ್ಟಲೆ ಬಾಳುತ್ತದೆ. ನಾನು ಹೇಳಿದ ಮೂಲ ದಾಖಲೆ ಇದೇ. ನಮ್ಮವರು ಎಡವುವುದೂ ಇಲ್ಲಿಯೇ. ಪೆರಂಬೂರಿನಲ್ಲಿ ದಕ್ಷಿಣ ರೈಲ್ವೆಯ ದೊಡ್ಡ ಆಸ್ಪತ್ರೆಯಿದೆ; ಅಡ್ಯಾರಿನಲ್ಲಿ 1954ರಿಂದ ಕ್ಯಾನ್ಸರ್ ಸಂಸ್ಥೆಯಿದೆ. ಆದರೂ ಮನೆಯಲ್ಲಿ ಕಾಯಿಲೆ ಬಂದಾಗ, ಕನ್ನಡದಲ್ಲಿ ಮಾತನಾಡುವ ವೈದ್ಯರ ಅಭಿಪ್ರಾಯವೂ ಇರಲೆಂದು, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯನ್ನು ನೆನೆಯುವುದು ಸಹಜ. ಬೆಂಗಳೂರಿನ ರೈಲು ಪೆರಂಬೂರಿನ ಮೇಲೆಯೇ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಚೀಲದಲ್ಲಿ ವರದಿಯ ಕಾಗದವಿರುತ್ತದೆ, ಬ್ಲಾಕ್ ಇಲ್ಲಿಯೇ ಉಳಿದಿರುತ್ತದೆ. ಅಲ್ಲಿನ ವೈದ್ಯರು ಇನ್ನೊಂದು ಪ್ರತಿಕಾಯದ ಪರೀಕ್ಷೆ ಬೇಕೆಂದರೆ ಒಬ್ಬರು ಮರಳಿ ಮದರಾಸಿಗೆ ಓಡಬೇಕು. ಇಲ್ಲವೇ ರೋಗಿ ಮತ್ತೊಮ್ಮೆ ಸೂಜಿಗೆ, ಕತ್ತಿಗೆ ಮೈಯೊಡ್ಡಬೇಕು. ಚಿಕಿತ್ಸೆಯ ಅಮೂಲ್ಯ ದಿನಗಳು ಹೀಗೆ ಕಳೆದುಹೋಗುತ್ತವೆ.

ಹೊರಡುವ ಮುನ್ನವೇ ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಲಿಖಿತವಾಗಿ ಕೇಳಿ ಪಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಳೆದುಹೋದರೆ ಇನ್ನೊಂದನ್ನು ಮಾಡಲಾಗದೆಂದು ಪ್ರಯೋಗಶಾಲೆಯವರು ಹಿಂಜರಿದರೆ ಆ ಭಯ ನ್ಯಾಯವಾದುದೇ. ಹಲವು ಬ್ಲಾಕುಗಳಿದ್ದಲ್ಲಿ ಒಂದನ್ನು ಅವರಲ್ಲಿಯೇ ಬಿಡಬಹುದು. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಮಾತ್ರ ಅದನ್ನು ಇಡಬಾರದು, ಮೇಣ ಮೆದುವಾದೀತು. ಊರಿನಿಂದ ಬಂದವರಿಗೆ ವಸತಿ ಹುಡುಕಿಕೊಡುವ ನಮ್ಮ ಸಂಘವು, ರೋಗಿಯ ಹೆಸರು, ಬಯಾಪ್ಸಿಯ ಸಂಖ್ಯೆ, ತಾರೀಖುಗಳನ್ನು ನಮೂದಿಸಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇಂತಹ ಅರ್ಜಿ ಬರೆದುಕೊಡಬಲ್ಲ ಇಬ್ಬರು ಯುವಕರನ್ನೂ ಗೊತ್ತುಮಾಡಲೆಂದು ಕಾರ್ಯಕಾರಿ ಸಮಿತಿಯವರಲ್ಲಿ ಅರಿಕೆ ಮಾಡುತ್ತೇನೆ.